ಕುಳಿತು ಆಡುವ ಆಟ, ಕೇಳಿ ಕಲಿಯುವ ಪಾಠ

ನಮ್ಮ ರಂಗಭೂಮಿಯಲ್ಲಿ ಅಂಗವಿಕಲ ಪಾತ್ರಗಳಿಗೆ ಬರವಿಲ್ಲ. ಹುಟ್ಟುಕುರುಡ ಧೃತರಾಷ್ಟ್ರ, ಗೂನುಬೆನ್ನಿನ ಮಂಥರೆ, ಎಂಟು ಕಡೆ ಡೊಂಕಾದ ಅಷ್ಟಾವಕ್ರ ಇವರನ್ನು ಬಿಟ್ಟು ಪುರಾಣದ ಕಥೆಗಳು ಸಾಗುವುದಿಲ್ಲ. ಹಾಸ್ಯ ಪ್ರಸಂಗಗಳಲ್ಲಂತೂ ಕಿವುಡನೋ ತೊದಲನೋ ಬಂದರೆ ಸಾಕು, ಸಭೆ ನಕ್ಕುಬಿಡುತ್ತಿತ್ತು. ಆದರೆ ಈ ಪಾತ್ರಗಳನ್ನು ಆಡಿದವರು ಬಹುಪಾಲು ಕಣ್ಣು, ಕಿವಿ, ಕೈಕಾಲು ನೆಟ್ಟಗಿದ್ದ ನಟರೇ. ಧೃತರಾಷ್ಟ್ರ ರಂಗದ ಮೇಲಿರುತ್ತಿದ್ದ. ಊರಿನ ಅಂಧ ಹುಡುಗ ಚಾಪೆಯ ಮೇಲೆ, ಅದೂ ಯಾರಾದರೂ ಕೈಹಿಡಿದು ಕರೆತಂದರೆ. ಅವನನ್ನು ರಂಗಕ್ಕೆ ತರಲು ಬೇಕಾದದ್ದು ಏನು? ಅನುಕಂಪ ಎನ್ನುವುದು ಸುಲಭದ ಉತ್ತರ. ಕನ್ನಡ ನಾಡಿನ ಅನುಭವ ಹೇಳುವುದು ಬೇರೆ: ಬೇಕಾದದ್ದು ರಂಗದ ಏರ್ಪಾಡು.

ಈ ಮಾತಿಗೆ ದೊಡ್ಡ ಸಾಕ್ಷಿ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿನಿಂದಲೇ ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಹೆಸರಾದರು. ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುತ್ತಲೇ ಪಾಠ ಹೇಳಿದರು. ಅವರ ಬಳಿ ಅಂಧರಷ್ಟೇ ಕಲಿಯಲಿಲ್ಲ. ಕಣ್ಣಿದ್ದ ಬಸವರಾಜ ರಾಜಗುರು ಅವರೂ ಕಲಿತರು. ಅವರ ನಂತರ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳೂ (1914–2010) ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. ಹಾರ್ಮೋನಿಯಂ, ತಬಲಾ, ಪಿಟೀಲು ನುಡಿಸುತ್ತಿದ್ದ ಅವರು ನಾಟಕಗಳನ್ನೂ ಬರೆದರು, ನಾಟಕ ಕಂಪನಿಯನ್ನೂ ನಡೆಸಿದರು. ಆಶ್ರಮದ ಅಂಧ, ಅನಾಥ ಮಕ್ಕಳ ಊಟಕ್ಕೆ ಈ ನಾಟಕಗಳ ಟಿಕೆಟ್ ಹಣ ಆಧಾರವಾಯಿತು. ಜನ ದಾನ ಕೊಡಲು ಬಂದದ್ದಲ್ಲ, ನಾಟಕ ನೋಡಲು ಬಂದದ್ದು ಎಂಬುದೇ ಇಲ್ಲಿ ಮುಖ್ಯ.

ಇದು ಸಾಧ್ಯವಾದದ್ದಕ್ಕೆ ಗುರುಗಳ ಪ್ರತಿಭೆಯ ಜೊತೆಗೆ ಕಂಪನಿ ನಾಟಕದ ರೀತಿಯೂ ಕಾರಣ. ಅಲ್ಲಿ ಹಾಡೇ ಜೀವ. ಪಾಠವನ್ನು ಪುಸ್ತಕದಿಂದಲ್ಲದೆ ಮಾಸ್ತರರ ಬಾಯಿಂದ ಕೇಳಿ ಕಲಿಯಬಹುದು. ಪ್ರವೇಶಕ್ಕೂ ನಿರ್ಗಮನಕ್ಕೂ ಹಾರ್ಮೋನಿಯಂ ಶ್ರುತಿ, ತಬಲಾ ಪೆಟ್ಟು ಗುರುತಾಗುತ್ತವೆ. ಕಿವಿಯನ್ನೇ ನಂಬಿದ ರಂಗದಲ್ಲಿ ಕಣ್ಣಿಲ್ಲದವರಿಗೂ ಸಹಜವಾಗಿ ಸ್ಥಳ ದೊರೆಯುತ್ತದೆ.

ಇಂಥದೇ ಒಂದು ಏರ್ಪಾಡು ಚಿಕ್ಕಮಗಳೂರಿನ ಕಾಫಿ ಬೆಟ್ಟಗಳಿಗೆ ಹೊಸದಲ್ಲ. ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿದರೆ ಬಯಲಲ್ಲಿ ಆಟ ಆಡುವಂತಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಆ ತಿಂಗಳುಗಳಿಗೆಂದೇ ಇರುವುದು ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ; ಅರ್ಥಧಾರಿಗಳು ಎದುರುಬದುರು ಕುಳಿತು ಕೃಷ್ಣನಾಗಿ, ಕೌರವನಾಗಿ ವಾದಿಸುತ್ತಾರೆ. ಮಾತು ಅಲ್ಲೇ ಹುಟ್ಟುವುದರಿಂದ ಓದಬೇಕಾದ ಸಂಭಾಷಣೆಯೂ ಇಲ್ಲ. ಕಾಲು ನಡೆಯದವರು ಇಲ್ಲಿ ಇತರರಿಗೆ ಸಮನಾಗಿ ಕುಳಿತಿರುತ್ತಾರೆ, ಏಕೆಂದರೆ ಎಲ್ಲರೂ ಕುಳಿತೇ ಇರುತ್ತಾರೆ. ಪ್ರಸಂಗದ ನಡೆ ಮನಸ್ಸಿನಲ್ಲಿದ್ದರೆ ಅಂಧರಿಗೂ ಅಡ್ಡಿಯಿಲ್ಲ. ಅಂಗವಿಕಲರಿಗೆಂದು ಹುಟ್ಟಿದ ಕಲೆ ಇದಲ್ಲ. ಆದರೂ ಅವರಿಗೆ ಇಷ್ಟು ಅನುಕೂಲವಾದ ರಂಗ ಸಿಗುವುದು ಕಷ್ಟ.

ಹಾಗೆಂದು ತಾಳಮದ್ದಳೆಯೊಂದೇ ಸಾಲದು. ಮಾತೇ ಸರ್ವಸ್ವವಾದ ಈ ಕಲೆ ಕಿವಿ ಕೇಳದವರನ್ನು ಹೊರಗೇ ನಿಲ್ಲಿಸುತ್ತದೆ. ಅವರಿಗೆ ಬೇಕಾದದ್ದು ಕಣ್ಣಿನ ರಂಗ: ಕೈಸನ್ನೆಯ ಭಾಷೆ, ಮುಖದ ಭಾವ, ಚಲನೆ. ಅಮೆರಿಕದಲ್ಲಿ 1967ರಲ್ಲಿ ಹುಟ್ಟಿದ ಕಿವುಡರ ರಾಷ್ಟ್ರೀಯ ರಂಗತಂಡ ಸನ್ನೆಭಾಷೆ ಮತ್ತು ಆಡುಮಾತನ್ನು ಒಟ್ಟಿಗೇ ರಂಗಕ್ಕೆ ತಂದಿತು. ಲಂಡನ್ನಿನ ‘ಗ್ರಾಯೇ’ ತಂಡ 1980ರಲ್ಲಿ ಆರಂಭವಾದದ್ದು ಅಂಗವಿಕಲ ನಟರನ್ನೇ ಮುಂದಿಟ್ಟುಕೊಂಡು. ಮೂವರು ಸೇರಿ ಒಂದೇ ಕಣ್ಣು, ಒಂದೇ ಹಲ್ಲನ್ನು ಹಂಚಿಕೊಂಡ ಗ್ರೀಕ್ ಪುರಾಣದ ಅಕ್ಕತಂಗಿಯರ ಹೆಸರು ಅದು. ಇರುವುದನ್ನು ಹಂಚಿಕೊಂಡು ಬದುಕುವ ಯಾವ ತಂಡಕ್ಕೂ ಅದು ಒಪ್ಪುತ್ತದೆ.

ಒಂದು ಊರಿನ ಹವ್ಯಾಸಿ ತಂಡ ಇದನ್ನು ಮಾಡಹೊರಟರೆ ಖರ್ಚು ದೊಡ್ಡದಲ್ಲ. ರಂಗದ ಅಂಚಿನಲ್ಲಿ ಒರಟು ಚಾಪೆ ಹಾಸಿದರೆ ಅಂಧ ನಟನಿಗೆ ಪಾದವೇ ಎಲ್ಲೆ ತಿಳಿಸುತ್ತದೆ. ಸಹನಟ ಸದಾ ನಿಗದಿಯಾದ ಜಾಗದಿಂದಲೇ ಮಾತಾಡಿದರೆ ದಿಕ್ಕು ತಪ್ಪುವುದಿಲ್ಲ. ಮೆಟ್ಟಿಲಿನ ಬದಲು ಇಳಿಜಾರು ಹಲಗೆ ಇಟ್ಟರೆ, ಅಥವಾ ಬಯಲಾಟದಂತೆ ನೆಲದ ಮಟ್ಟದಲ್ಲೇ ಆಡಿದರೆ, ಗಾಲಿಕುರ್ಚಿ ರಂಗಕ್ಕೆ ಬರುತ್ತದೆ. ನಿಧಾನವಾಗಿ ಕಲಿಯುವ ಮಕ್ಕಳಿಗೆ ಚಿಕ್ಕ ಮಾತು, ಹೆಚ್ಚು ದಿನಗಳ ತಾಲೀಮು ಕೊಟ್ಟರಾಯಿತು.

ಬೆಟ್ಟದ ಊರುಗಳಲ್ಲಿ ನಿಜವಾದ ಅಡಚಣೆ ರಂಗಕ್ಕಿಂತ ರಂಗದವರೆಗಿನ ದಾರಿ. ಮನೆಗಳು ದೂರದೂರ, ತೋಟದ ಲೈನುಗಳಿಂದ ಡಾಂಬರು ರಸ್ತೆಗೆ ಬರಲು ಏರು, ಇಳಿಜಾರು, ಕೆಸರು. ರಾತ್ರಿ ತಾಲೀಮಿಟ್ಟರೆ ಊರುಗೋಲಿನ ಹುಡುಗಿಗೆ ಮನೆಗೆ ಮರಳುವ ಬಸ್ಸೇ ಇರುವುದಿಲ್ಲ. ಅವಳು ಬಾರದಿದ್ದರೆ ಆಸಕ್ತಿಯಿಲ್ಲ ಎಂದು ತಿಳಿಯಲಾಗುತ್ತದೆ. ತಾಲೀಮನ್ನು ಹಗಲಿಗೆ, ಬಸ್ ನಿಲ್ದಾಣದ ಹತ್ತಿರಕ್ಕೆ ತಂದರೆ ಆಸಕ್ತಿ ತಾನಾಗಿ ಕಾಣುತ್ತದೆ.

ಇದು ಈಗ ಕೇವಲ ಒಳ್ಳೆಯ ಮನಸ್ಸಿನ ಪ್ರಶ್ನೆಯೂ ಅಲ್ಲ. 2011ರ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಎಣಿಸಿತು. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಅದರ 29ನೇ ವಿಧಿ ಸಾಂಸ್ಕೃತಿಕ ಬದುಕಿನಲ್ಲಿ ಸಮಾನವಾಗಿ ಪಾಲ್ಗೊಳ್ಳುವುದನ್ನು ಹಕ್ಕೆಂದೇ ಹೇಳುತ್ತದೆ. ಅಂಗವಿಕಲ ಕಲಾವಿದರಿಗೆ ಸೌಲಭ್ಯ, ಪ್ರಾಯೋಜನೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ವಹಿಸುತ್ತದೆ. ಹೊಸ ರಂಗಮಂದಿರ ಕಟ್ಟುವಾಗ ಸಭಿಕರ ಬಾಗಿಲಿಗೆ ಇಳಿಜಾರು ಮಾಡಿ, ನೇಪಥ್ಯಕ್ಕೆ ಮೆಟ್ಟಿಲನ್ನೇ ಉಳಿಸಿದರೆ ಆ ಹಕ್ಕು ಅರ್ಧ ಮಾತ್ರ ಸಂದಂತೆ. ಅಂಗವಿಕಲರು ನೋಡಲು ಬರುತ್ತಾರೆಂದು ಊಹಿಸಿದವರು, ಆಡಲು ಬರುತ್ತಾರೆಂದು ಊಹಿಸಲಿಲ್ಲವೆಂದೇ ಅರ್ಥ.

ಗದಗಿನ ಗವಾಯಿಗಳು ಯಾವ ಕಾಯ್ದೆಯ ಆಸರೆಯೂ ಇಲ್ಲದ ಕಾಲದಲ್ಲಿ ಟಿಕೆಟ್ ಮಾರಿ ನಾಟಕ ಆಡಿಸಿದರು. ಸಭಿಕರು ಕೇಳಿದ್ದು ಒಳ್ಳೆಯ ಹಾಡು. ಕಲಾವಿದರು ಕೇಳಿದ್ದು ಅದಕ್ಕೊಂದು ವೇದಿಕೆ.