ಕಿವಿಯಲ್ಲಿ ಉಳಿದ ವಿಮಾನಗಳು

ಆಕಾಶದಲ್ಲಿ ಸದ್ದು ಕೇಳಿದೊಡನೆ ಕತ್ತೆತ್ತಿ ನೋಡದವರು ಅಪರೂಪ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಬಯಲಿನಲ್ಲಿ ಈ ನೋಟಕ್ಕೆ ಅಡ್ಡಿಯೂ ಕಡಿಮೆ. ಆದರೆ ಯುದ್ಧವಿಮಾನಗಳು ತಲೆಯ ಮೇಲೆಯೇ ಲಾಗಹಾಕುವುದನ್ನು ಕಾಣಬೇಕಾದರೆ ಈ ತಾಲ್ಲೂಕುಗಳ ಜನ ದೂರ ಪ್ರಯಾಣ ಮಾಡಬೇಕು. ೧೯೯೬ರಲ್ಲಿ ಆರಂಭವಾದ ‘ಏರೋ ಇಂಡಿಯಾ’ ಪ್ರದರ್ಶನವು ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುತ್ತ ಬಂದಿದೆ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳಲ್ಲಿ ರೈಲು ಹತ್ತಿಯೋ, ಸಿಂದಗಿ, ಮುದ್ದೇಬಿಹಾಳಗಳಿಂದ ಬಸ್ಸಿನಲ್ಲಿ ರಾತ್ರಿ ಕಳೆದೋ ಅಲ್ಲಿಗೆ ಹೋಗಿಬಂದ ಉತ್ಸಾಹಿಗಳುಂಟು. ೧೯೬೩ರಿಂದ ನಡೆಯುತ್ತಿರುವ ವಿಜಯಪುರದ ಸೈನಿಕ ಶಾಲೆಯೂ ಈ ಸೀಮೆಯ ಹುಡುಗರಲ್ಲಿ ಇಂಥ ಆಸಕ್ತಿಯನ್ನು ಬಿತ್ತಿದೆ.

ಇಂಥವರ ನೆನಪುಗಳನ್ನು ಕೆದಕಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಸಿಂದಗಿ ಕಡೆಯ ನಿವೃತ್ತ ಅಧ್ಯಾಪಕರೊಬ್ಬರನ್ನು, ೨೦೧೧ರ ಪ್ರದರ್ಶನದಲ್ಲಿ ಏನೇನು ಕಂಡಿರೆಂದು ವಿಚಾರಿಸಿದೆ. ಅವರು ಎರಡು ಕೈಗಳಿಂದಲೂ ಕಿವಿ ಮುಚ್ಚಿಕೊಂಡು ನಕ್ಕರು. “ನೋಡಿದ್ದು ಅಷ್ಟು ನೆನಪಿಲ್ರೀ, ಕೇಳಿದ್ದು ಮಾತ್ರ ಇನ್ನೂ ಕಿವ್ಯಾಗ ಐತಿ” ಎಂದರು. ಹಳೆಯ ಜೆಟ್ ವಿಮಾನಗಳನ್ನು ಕಂಡವರೆಲ್ಲರೂ ಬಹುಮಟ್ಟಿಗೆ ಹೀಗೆಯೇ ಹೇಳುತ್ತಾರೆ. ಕಣ್ಣಿನ ಹಬ್ಬಕ್ಕೆಂದು ಹೋದವರಿಗೆ ಕಿವಿಯ ನೆನಪೇ ಏಕೆ ಗಟ್ಟಿಯಾಗಿ ಉಳಿಯಿತು? ಇದರ ಹಿಂದೆ ಸೊಗಸಾದ ಭೌತವಿಜ್ಞಾನವಿದೆ.

ಗಾಯಕನ ಹೆಸರಿನ ಯಂತ್ರ

ಗ್ರೀಕರ ಪುರಾಣದಲ್ಲಿ ಆರ್ಫಿಯಸ್ ಎಂಬ ಗಾಯಕನೊಬ್ಬನಿದ್ದಾನೆ. ಅವನ ಹಾಡಿಗೆ ಕಾಡುಮೃಗಗಳೂ ತಲೆದೂಗುತ್ತಿದ್ದುವಂತೆ. ಬ್ರಿಟನ್ನಿನ ಬ್ರಿಸ್ಟಲ್ ಸಂಸ್ಥೆಯು ತಾನು ರಚಿಸಿದ ಚಿಕ್ಕ ಜೆಟ್ ಎಂಜಿನ್ನಿಗೆ ಅವನ ಹೆಸರನ್ನೇ ಇಟ್ಟಿತು. ಈ ಎಂಜಿನ್ನನ್ನು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆಯವರು ಪರವಾನಗಿ ಪಡೆದು ತಯಾರಿಸಿದರು. ಇದರ ನೂಕುಬಲ ಸುಮಾರು ೨,೦೦೦ ಕಿಲೋಗ್ರಾಂ ತೂಕಕ್ಕೆ ಸಮ.

ನಮ್ಮ ನಾಡಿನಲ್ಲಿ ತಯಾರಾದ ಮೂರು ಪ್ರಸಿದ್ಧ ವಿಮಾನಗಳಿಗೆ ಆರ್ಫಿಯಸ್ಸೇ ಪ್ರಾಣ. ಮೊದಲನೆಯದು, ೧೯೬೫ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್. ಅದರ ರೆಕ್ಕೆಗಳ ತುದಿಯಿಂದ ತುದಿಗೆ ಏಳು ಮೀಟರಿಗಿಂತಲೂ ಕಡಿಮೆ. ಎರಡನೆಯದು, ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಮಾರುತ್. ಮೊದಲು ಅದರ ಪೂರ್ಣಗಾತ್ರದ ಮರದ ಗ್ಲೈಡರೊಂದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದು ಹಾರಿಸಿ ಪರೀಕ್ಷಿಸಿದರು. ಎರಡು ಆರ್ಫಿಯಸ್‌ಗಳನ್ನು ಹೊತ್ತ ನಿಜವಾದ ಮಾರುತ್ ೧೯೬೧ರ ಜೂನ್ ೧೭ರಂದು ಸುರಂಜನ್ ದಾಸ್ ಅವರ ಕೈಯಲ್ಲಿ ಮೇಲೆದ್ದಿತು. ೧೯೭೦ರಲ್ಲಿ ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುತ್ತಿದ್ದಾಗ ಅವರು ಪ್ರಾಣ ತೆತ್ತರು. ಬೆಂಗಳೂರಿನ ರಸ್ತೆಯೊಂದಕ್ಕೆ ಇಂದಿಗೂ ಅವರ ಹೆಸರಿದೆ. ಇನ್ನೂ ಬಲವಾದ ಎಂಜಿನ್ ಕೈಗೂಡದುದರಿಂದ ಮಾರುತ್ ತನ್ನ ಮೈಕಟ್ಟಿಗೆ ತಕ್ಕ ವೇಗವನ್ನು ಎಂದೂ ಮುಟ್ಟಲಿಲ್ಲ. ಮೂರನೆಯದು, ತರಬೇತಿಗೆಂದು ನಿರ್ಮಿಸಿದ ಕಿರಣ್. ಇದರ ಎರಡನೆಯ ಮಾದರಿಗೆ ಆರ್ಫಿಯಸ್ ಜೋಡಿಸಿದರು.

ಏರೋ ಇಂಡಿಯಾದ ಪ್ರೇಕ್ಷಕರಿಗೆ ಹೆಚ್ಚು ಪರಿಚಿತವಾದುದು ಈ ಕಿರಣ್. ೧೯೯೬ರಲ್ಲಿ ಬೀದರಿನಲ್ಲಿ ಕಟ್ಟಿದ ‘ಸೂರ್ಯಕಿರಣ್’ ತಂಡವು ಒಂಬತ್ತು ಕಿರಣ್‌ಗಳನ್ನು ರೆಕ್ಕೆಗೆ ರೆಕ್ಕೆ ಸೇರಿಸಿದಂತೆ ಹಾರಿಸುತ್ತಿತ್ತು. ೨೦೧೧ರ ಯಲಹಂಕ ಪ್ರದರ್ಶನದ ಬಳಿಕ ಆ ವಿಮಾನಗಳು ತಂಡದಿಂದ ನಿವೃತ್ತವಾದುವು. ೨೦೧೫ರಲ್ಲಿ ತಂಡ ಹಾಕ್ ವಿಮಾನಗಳೊಡನೆ ಮತ್ತೆ ಎದ್ದಿತು. ಅಧ್ಯಾಪಕರ ಕಿವಿಯಲ್ಲಿ ಉಳಿದದ್ದು ಒಂಬತ್ತು ಆರ್ಫಿಯಸ್‌ಗಳ ಆ ಕೊನೆಯ ಮೇಳ.

ಸಿಳ್ಳು ಮತ್ತು ಗರ್ಜನೆ

ಜೆಟ್ ಎಂಜಿನ್ನಿಗೆ ಎರಡು ಕಂಠಗಳಿವೆ. ಮುಂಭಾಗದಲ್ಲಿ ಗಾಳಿಯನ್ನು ಹೀರಿ ಒತ್ತಿ ಅಡಕಮಾಡುವ ಸಂಪೀಡಕವಿದೆ. ಆರ್ಫಿಯಸ್‌ನಲ್ಲಿ ಅಲಗುಗಳನ್ನು ಜೋಡಿಸಿದ ಇಂಥ ಏಳು ಚಕ್ರಗಳು ಒಂದರ ಹಿಂದೊಂದು ತಿರುಗುತ್ತವೆ. ಪ್ರತಿ ಅಲಗೂ ಗಾಳಿಯನ್ನು ಕಡಿಯುವಾಗ ಒಂದೊಂದು ಸ್ಪಂದನವನ್ನು ಹುಟ್ಟಿಸುತ್ತದೆ. ಚಕ್ರ ನಿಮಿಷಕ್ಕೆ ೧೦,೦೦೦ ಸುತ್ತು ತಿರುಗುವುದೆಂದೂ ಅದರಲ್ಲಿ ೩೦ ಅಲಗುಗಳಿವೆಯೆಂದೂ ಲೆಕ್ಕಕ್ಕಾಗಿ ಹಿಡಿಯೋಣ. ಆಗ ಸೆಕೆಂಡಿಗೆ ೫,೦೦೦ ಸ್ಪಂದನಗಳಾದುವು. ಇದೇ ವಿಮಾನ ಎದುರು ಬರುವಾಗ ಕೇಳುವ ತೀಕ್ಷ್ಣವಾದ ಸಿಳ್ಳು.

ಎರಡನೆಯ ಕಂಠ ಹಿಂಭಾಗದ್ದು. ಅಡಕಗೊಂಡ ಗಾಳಿಯಲ್ಲಿ ಸೀಮೆಎಣ್ಣೆಯ ಜಾತಿಯ ಇಂಧನ ಉರಿದು, ಟರ್ಬೈನ್ ಚಕ್ರವನ್ನು ತಿರುಗಿಸಿ, ಕೊಳವೆಯಿಂದ ಮಹಾವೇಗದಲ್ಲಿ ಚಿಮ್ಮುತ್ತದೆ. ಈ ಬಿಸಿ ಧಾರೆಯು ಹೊರಗಿನ ನಿಶ್ಚಲ ಗಾಳಿಯೊಡನೆ ಉಜ್ಜಾಡಿ ಸುಳಿಗಳಾಗಿ ಒಡೆಯುವಾಗ ಹುಟ್ಟುವುದೇ ಗರ್ಜನೆ. ಇದರ ಗಣಿತವನ್ನು ೧೯೫೨ರಲ್ಲಿ ಬ್ರಿಟನ್ನಿನ ಜೇಮ್ಸ್ ಲೈಟ್‌ಹಿಲ್ ತೋರಿಸಿಕೊಟ್ಟರು. ಅವರ ಸಿದ್ಧಾಂತದ ಪ್ರಕಾರ ಸದ್ದಿನ ಶಕ್ತಿಯು ಧಾರೆಯ ವೇಗದ ಎಂಟನೆಯ ಘಾತವನ್ನು ಅನುಸರಿಸುತ್ತದೆ. ಎಂದರೆ ವೇಗ ಇಮ್ಮಡಿಯಾದರೆ ಸದ್ದಿನ ಶಕ್ತಿ ೨೫೬ ಪಟ್ಟು ಹೆಚ್ಚುತ್ತದೆ!

ಆರ್ಫಿಯಸ್‌ನಂಥ ಹಳೆಯ ಟರ್ಬೋಜೆಟ್‌ನಲ್ಲಿ ಒಳಹೊಕ್ಕ ಗಾಳಿಯೆಲ್ಲವೂ ದಹನಕೋಶದ ಹಾದಿಯನ್ನೇ ಹಿಡಿದು ಅತಿವೇಗದ ಧಾರೆಯಾಗುತ್ತದೆ. ಇಂದಿನ ಪ್ರಯಾಣಿಕ ವಿಮಾನಗಳಲ್ಲಿ ಗಾಳಿಯ ಹೆಚ್ಚಿನ ಪಾಲು ಉರಿಯನ್ನು ಬಳಸಿಕೊಂಡು ನಿಧಾನವಾಗಿ ಹೊರಬೀಳುತ್ತದೆ, ಸದ್ದು ತಗ್ಗುತ್ತದೆ. ಇಂದಿನ ಯುದ್ಧವಿಮಾನಗಳೇನೂ ಮೌನವ್ರತಿಗಳಲ್ಲ. ಬಾಲದ ಕೊಳವೆಯಲ್ಲಿ ಮತ್ತೊಮ್ಮೆ ಇಂಧನ ಉರಿಸಿದರೆ ಅವು ಕಿರಣ್‌ಗಿಂತ ಎಷ್ಟೋ ಜೋರಾಗಿ ಅಬ್ಬರಿಸುತ್ತವೆ. ಆದರೆ ದನಿಯ ಗುಣ ಬೇರೆ. ಹಳೆಯ ಎಂಜಿನ್ನಿನ ಬಿಚ್ಚುಗಂಠದ ಸಿಳ್ಳು ಅವುಗಳಲ್ಲಿಲ್ಲ.

ಮುಂದೆ ವಿಮಾನ, ಹಿಂದೆ ಸದ್ದು

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ, ಮೂರು ಎಣಿಕೆಗೆ ಒಂದು ಕಿಲೋಮೀಟರಿನಂತೆ ಸಿಡಿಲು ಎಷ್ಟು ದೂರದಲ್ಲಿದೆಯೆಂದು ಅಂದಾಜು ಮಾಡಬಹುದಷ್ಟೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವುದೇ ಈ ಲೆಕ್ಕಕ್ಕೆ ಆಧಾರ. ಈಗ ಎರಡು ಕಿಲೋಮೀಟರು ದೂರದಲ್ಲಿ ಗಂಟೆಗೆ ೬೦೦ ಕಿಲೋಮೀಟರು ವೇಗದಲ್ಲಿ ಅಡ್ಡಹಾಯುವ ವಿಮಾನವನ್ನು ಭಾವಿಸಿರಿ. ಅದರ ಸದ್ದು ನಮ್ಮನ್ನು ಮುಟ್ಟಲು ಆರು ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಒಂದು ಕಿಲೋಮೀಟರು ಮುಂದೆ ಹೋಗಿರುತ್ತದೆ! ಸದ್ದು ಬಂದ ದಿಕ್ಕಿಗೆ ಕತ್ತು ತಿರುಗಿಸಿದವರಿಗೆ ಬರಿಯ ಆಕಾಶ ಕಾಣುವುದು ಇದರಿಂದಲೇ. ಕಣ್ಣಿಗೆ ತಪ್ಪಿಸಿಕೊಂಡ ವಿಮಾನ ಕಿವಿಗೆ ಸಿಕ್ಕಿಬೀಳುತ್ತದೆ.

ಸದ್ದಿನ ಸ್ಥಾಯಿಯೂ ಒಂದೇ ಸಮನಿರುವುದಿಲ್ಲ. ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ ೧೮೪೨ರಲ್ಲಿ ವಿವರಿಸಿದಂತೆ, ಸಮೀಪಿಸುವ ವಸ್ತುವಿನ ನಾದ ಏರುತ್ತದೆ, ದೂರವಾಗುವ ವಸ್ತುವಿನದು ಇಳಿಯುತ್ತದೆ. ಗಂಟೆಗೆ ೬೦೦ ಕಿಲೋಮೀಟರೆಂದರೆ ಶಬ್ದವೇಗದ ಸರಿಸುಮಾರು ಅರ್ಧ. ಆ ವೇಗದಲ್ಲಿ ನೇರವಾಗಿ ನಮ್ಮೆಡೆಗೆ ಬರುವ ಎಂಜಿನ್ ಮಧ್ಯಸ್ಥಾಯಿಯ ಷಡ್ಜವನ್ನು ನುಡಿಯುತ್ತಿದ್ದರೆ ನಮಗೆ ಕೇಳುವುದು ತಾರಸ್ಥಾಯಿಯ ಷಡ್ಜ. ದಾಟಿ ದೂರ ಹೋಗುವಾಗ ಅದೇ ನಾದ ಮಂದ್ರದ ಮಧ್ಯಮಕ್ಕೆ ಜಾರುತ್ತದೆ. ಮುದ್ದೇಬಿಹಾಳದ ಮಾಜಿ ವಾಯುಸೈನಿಕರೊಬ್ಬರು, ಕಣ್ಣುಮುಚ್ಚಿ ಕುಳಿತರೂ ಹಂಟರ್ ಯಾವುದು, ನ್ಯಾಟ್ ಯಾವುದೆಂದು ಹೇಳಬಲ್ಲೆನೆನ್ನುತ್ತಾರೆ. ಸಿಳ್ಳಿನ ಎತ್ತರ, ಗರ್ಜನೆಯ ಬನಿ, ಇಳಿತದ ವೇಗ ಇವಿಷ್ಟೂ ಕೂಡಿದರೆ ಪ್ರತಿ ವಿಮಾನಕ್ಕೂ ತನ್ನದೇ ಮುದ್ರೆ ಬರುತ್ತದೆ. ಆದುದರಿಂದ ಅವರ ಮಾತು ಉತ್ಪ್ರೇಕ್ಷೆಯಲ್ಲ.

ಹಾರಿಸುವುದೆ? ಉಳಿಸುವುದೆ?

ಹಾಗಾದರೆ ಹಳೆಯ ಜೆಟ್ಟುಗಳನ್ನೇ ಮತ್ತೆ ಹಾರಿಸಬಾರದೇಕೆ ಎಂದು ಉತ್ಸಾಹಿಗಳು ಕೇಳುತ್ತಾರೆ. ಟೈಗರ್ ಮಾತ್, ಹಾರ್ವರ್ಡ್, ಡಕೋಟಾ ಮುಂತಾದ ಪ್ರೊಪೆಲ್ಲರಿನ ಹಳೆಯ ವಿಮಾನಗಳನ್ನು ನಮ್ಮ ವಾಯುಪಡೆ ಹಾರುವ ಸ್ಥಿತಿಗೆ ತಂದಿರುವುದೂ ನಿಜ. ಆದರೆ ಜೆಟ್ ಯುದ್ಧವಿಮಾನಗಳ ಮಾತು ಬೇರೆ. ಆರು ಪಟ್ಟು ಗುರುತ್ವದ ತಿರುವಿನಲ್ಲಿ ೭೦ ಕಿಲೋಗ್ರಾಂ ತೂಕದ ಚಾಲಕನು ೪೨೦ ಕಿಲೋಗ್ರಾಂ ತೂಗುತ್ತಾನೆ. ರೆಕ್ಕೆಯ ಬುಡಕ್ಕೂ ಅದೇ ಅನುಪಾತದ ಭಾರ. ತಂತಿಯನ್ನು ಅತ್ತಿತ್ತ ಮತ್ತೆ ಮತ್ತೆ ಬಾಗಿಸಿದರೆ ಕೊನೆಗೆ ಪಟಕ್ಕನೆ ಮುರಿಯುವಂತೆ, ಲೋಹವೂ ದಣಿಯುತ್ತದೆ. ಬಿಡಿಭಾಗಗಳು ದೊರೆಯುವುದಿಲ್ಲ, ಅವುಗಳ ಮರ್ಮ ಬಲ್ಲ ಕುಶಲಿಗಳೂ ವಿರಳವಾಗುತ್ತಾರೆ.

ಚಾಲಕನಿಗೂ ಈ ವಿಮಾನಗಳು ಕ್ಷಮೆ ತೋರುವುದಿಲ್ಲ. ೨೦೧೫ರ ಆಗಸ್ಟ್ ೨೨ರಂದು ಇಂಗ್ಲೆಂಡಿನ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಂಟರ್ ವಿಮಾನವೊಂದು ಲಾಗವನ್ನು ಪೂರೈಸಲಾರದೆ ಹೆದ್ದಾರಿಗೆ ಅಪ್ಪಳಿಸಿ ೧೧ ಮಂದಿ ಮಡಿದರು. ಕಾರಣ ಲೋಹದ ದಣಿವಾಗಿರಲಿಲ್ಲ. ಸುತ್ತಿನ ನೆತ್ತಿಯಲ್ಲಿ ವೇಗವೂ ಎತ್ತರವೂ ಸಾಲದೆ ಹೋಗಿದ್ದುವು. ಅನಂತರ ಅಲ್ಲಿಯ ಅಧಿಕಾರಿಗಳು ಹಳೆಯ ಜೆಟ್ಟುಗಳು ನೆಲದ ಮೇಲೆ ಲಾಗಹಾಕುವುದನ್ನು ನಿರ್ಬಂಧಿಸಿದರು. ನೆನಪಿನ ಸುಖಕ್ಕಾಗಿ ಜೀವಗಳನ್ನು ಪಣಕ್ಕಿಡುವುದು ತರವಲ್ಲವೆಂಬುದರಲ್ಲಿ ಸಂಶಯವಿಲ್ಲ.

ಮಾರುತ್ ೧೯೯೦ರಲ್ಲಿ ನಿವೃತ್ತವಾಯಿತು. ೧೯೬೩ರಿಂದ ದುಡಿದ ಮಿಗ್-೨೧, ೨೦೨೫ರ ಸೆಪ್ಟೆಂಬರ್ ೨೬ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆಯಿತು. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮಾರುತ್, ಕಿರಣ್‌ಗಳನ್ನು ಮುಟ್ಟುವಷ್ಟು ಹತ್ತಿರದಿಂದ ನೋಡಬಹುದು. ಆದರೆ ಅಲ್ಲಿ ಉಳಿದಿರುವುದು ಆಕಾರ ಮಾತ್ರ, ದನಿಯಲ್ಲ.

ದನಿ ಉಳಿದಿರುವುದು ಕಂಡವರ ನೆನಪಿನಲ್ಲಿ, ಮತ್ತು ಅವರ ಹಳೆಯ ಕ್ಯಾಸೆಟ್ಟು, ಕ್ಯಾಮರಾ, ಮೊಬೈಲುಗಳಲ್ಲಿ. ಇವನ್ನು ಕಸವೆಂದು ಬಿಸುಡಬಾರದು. ವಿಮಾನ ನೇರವಾಗಿ ಎದುರು ಬಂದು ದಾಟಿಹೋದ ದನಿಮುದ್ರಿಕೆಯೊಂದಿದ್ದರೆ ಸಾಕು, ಶಾಲೆಯ ಹುಡುಗರೇ ಅದರ ವೇಗವನ್ನು ಕಂಡುಹಿಡಿಯಬಹುದು. ಬರುವಾಗಿನ ಕಂಪನಸಂಖ್ಯೆಯನ್ನು ಹೋಗುವಾಗಿನದರಿಂದ ಭಾಗಿಸಿರಿ. ಬಂದ ಅನುಪಾತದಲ್ಲಿ ಒಂದು ಕಳೆದು, ಅದನ್ನು ಅದೇ ಅನುಪಾತಕ್ಕೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿದರೆ, ವೇಗವು ಶಬ್ದವೇಗದ ಎಷ್ಟು ಪಾಲೆಂಬುದು ತಿಳಿಯುತ್ತದೆ. ಅನುಪಾತ ಮೂರಾಗಿದ್ದರೆ ಉತ್ತರ ಅರ್ಧ.

ದನಿಮುದ್ರಿಕೆಯಿಲ್ಲದಿದ್ದರೂ ನಷ್ಟವಿಲ್ಲ. ಯಾವ ವರ್ಷ, ಎಲ್ಲಿ ನಿಂತಿದ್ದಿರಿ, ವಿಮಾನ ಯಾವ ಕಡೆಯಿಂದ ಬಂತು, ಕಂಡ ಎಷ್ಟು ಹೊತ್ತಿಗೆ ಸದ್ದು ಕೇಳಿತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿರಿ. “ಎರಡು ಎಣಿಸೂದರಾಗ ಸದ್ದು ಬಂತು” ಎಂದು ಅವರು ಹೇಳಿದರೆ, ವಿಮಾನ ಸುಮಾರು ೭೦೦ ಮೀಟರು ದೂರದಲ್ಲಿತ್ತೆಂದು ಪಕ್ಕದಲ್ಲಿ ಬರೆಯಿರಿ.