ಅಡ್ಡಸಾಲಿನ ಲೆಕ್ಕ

2024-25ನೇ ಸಾಲಿನಲ್ಲಿ ಭಾರತದ ಶಾಲೆಗಳಲ್ಲಿ ಹೆಸರು ದಾಖಲಾಗಿದ್ದ ಮಕ್ಕಳು 24.69 ಕೋಟಿ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು, ಆರರಿಂದ ಎಂಟಕ್ಕೆ 220 ದಿನ. ಕಡಿಮೆಯದನ್ನೇ ಹಿಡಿದು ಗುಣಿಸಿ ನೋಡಿ: ನಮ್ಮ ಮೇಷ್ಟ್ರುಗಳು, ಟೀಚರುಗಳು ಒಂದು ವರ್ಷದಲ್ಲಿ ಹಾಕಬೇಕಾದ ಹಾಜರಿ ಗುರುತುಗಳು 4,938 ಕೋಟಿ. ಬೆಳಿಗ್ಗೆಗೊಂದು, ಮಧ್ಯಾಹ್ನಕ್ಕೊಂದು ಹಾಕುವ ಶಾಲೆಗಳದ್ದು ಬೇರೆ. ಒಬ್ಬನೇ ಮನುಷ್ಯ ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಗುರುತು ಹಾಕುತ್ತ ಕೂತರೆ ಮುಗಿಯಲು 1,560 ವರ್ಷಕ್ಕೂ ಹೆಚ್ಚು ಬೇಕು. ಹಲ್ಮಿಡಿ ಶಾಸನ ಕೆತ್ತಿದ ಕಾಲದಲ್ಲಿ ಶುರುಮಾಡಿದ್ದರೆ ಈಗ ಹೆಚ್ಚುಕಡಿಮೆ ಕೈ ಕೊಡವಿಕೊಂಡು ಏಳುತ್ತಿದ್ದ. ಅದೂ ಒಂದೇ ವರ್ಷದ ಕೆಲಸ ಮುಗಿಸಿ.

ಇಷ್ಟು ಗುರುತುಗಳಿದ್ದೂ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ ಅದೇ ವರ್ಷದ ಯುಡೈಸ್ ಅಂಕಿಗಳಲ್ಲಿ, ಶುರುವಿನಲ್ಲಿ ಸೇರಿದವರ ಪೈಕಿ ಎಷ್ಟು ಮಂದಿ ಉಳಿದರು ಎಂಬ ಲೆಕ್ಕವಿದೆ. ಎರಡನೇ ತರಗತಿಯ ಹಂತಕ್ಕೆ ನೂರರಲ್ಲಿ 98.9, ಐದನೆಯದಕ್ಕೆ 92.4, ಎಂಟನೆಯದಕ್ಕೆ 82.8. ಅಲ್ಲಿಂದ ಹನ್ನೆರಡನೇ ತರಗತಿಯ ಹಂತಕ್ಕೆ ಬರುವಷ್ಟರಲ್ಲಿ 47.2. ಅರ್ಧಕ್ಕೂ ಕಮ್ಮಿ. ಈ ಕೊನೆಯ ಅಂಕಿಯನ್ನು ನೋಡಿ ಎದೆ ಬಡಿದುಕೊಳ್ಳುವ ಮುನ್ನ ಒಂದು ಮಾತು: ಹತ್ತನೇ ತರಗತಿ ಮುಗಿಸಿ ಐಟಿಐಗೋ ಡಿಪ್ಲೊಮಾಗೋ ಹೋದವರು ಶಾಲೆಯ ಲೆಕ್ಕದಿಂದ ಹೊರಗೆ ಬೀಳುತ್ತಾರೆ, ಅವರೆಲ್ಲ ಓದು ಬಿಟ್ಟವರಲ್ಲ. ಆದರೆ ಆ ರಿಯಾಯಿತಿ ಕೊಟ್ಟರೂ ಕಂದರ ಮುಚ್ಚುವುದಿಲ್ಲ. ಪ್ರೌಢ ಹಂತದಲ್ಲಿ ಒಂದೇ ವರ್ಷದಲ್ಲಿ ಶಾಲೆ ಬಿಟ್ಟವರ ಪ್ರಮಾಣವೇ ನೂರಕ್ಕೆ 8.2 ಇದೆ. ಹಿಂದಿನ ವರ್ಷ 10.9 ಇತ್ತು, ಇಳಿದಿದೆ ಎನ್ನುವುದು ಸಮಾಧಾನ.

ಶಾಲೆ ಬಿಡುವುದೆಂದರೆ ಒಂದು ದಿನ ಮಗು ಚೀಲ ಎಸೆದು 'ನಾಳೆಯಿಂದ ಬರಲ್ಲ' ಅಂದಂತೆ ನಾವು ಊಹಿಸಿಕೊಳ್ಳುತ್ತೇವೆ. ಹಾಗೆ ಆಗುವುದು ಅಪರೂಪ. ತಿಂಗಳಿಗೆ ಎರಡು ದಿನ ತಪ್ಪಿಸುವ ಮಗುವನ್ನು ತೆಗೆದುಕೊಳ್ಳಿ. ಒಂದು ಸಂತೆ ದಿನ, ಒಂದು ತಮ್ಮನಿಗೆ ಜ್ವರ ಬಂದ ದಿನ. ಯಾರೂ ಗದರಿಸುವಂಥದ್ದಲ್ಲ. ಹತ್ತು ತಿಂಗಳಿಗೆ 20 ದಿನವಾಯಿತು. ಒಂದನೇ ತರಗತಿಯಿಂದ ಹತ್ತರವರೆಗೆ ಹೀಗೇ ನಡೆದರೆ 200 ದಿನ. ಇಡೀ ಒಂದು ಶಾಲಾ ವರ್ಷ! ಒಂದು ತರಗತಿಯನ್ನೇ ಓದದೆ ಆ ಮಗು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂತಿದೆ, ಅದರ ಹಾಜರಿ ಮಾತ್ರ ಪ್ರತಿ ವರ್ಷ ಶೇಕಡ 90. ಅಮೆರಿಕದ ಶಾಲೆಗಳಲ್ಲಿ ಹತ್ತರಲ್ಲೊಂದು ದಿನ ತಪ್ಪಿಸಿದವರನ್ನು ಬೇರೆ ಪಟ್ಟಿಗೆ ಹಾಕಿ ಕಣ್ಣಿಡುತ್ತಾರೆ. ನಮ್ಮಲ್ಲಿ ಶೇಕಡ 90 ಅಂದರೆ ಭೇಷ್ ಅನ್ನುತ್ತೇವೆ.

ಹಾಜರಿ ಪುಸ್ತಕವನ್ನು ಹತ್ತಿರದಿಂದ ನೋಡಿದವರಿಗೆ ಇದರ ಗುಟ್ಟು ಗೊತ್ತು. ಎಡಗಡೆ ಮೇಲಿಂದ ಕೆಳಕ್ಕೆ ಹೆಸರುಗಳು, ತಲೆಯ ಮೇಲೆ ಅಡ್ಡಕ್ಕೆ ತಾರೀಖುಗಳು. ದಿನದ ಕಂಬಸಾಲನ್ನು ಕೂಡಿದರೆ ಇವತ್ತು ಎಷ್ಟು ಮಂದಿ ಬಂದಿದ್ದಾರೆ ಎಂದು ಸಿಗುತ್ತದೆ. ಹೆಸರಿನ ಅಡ್ಡಸಾಲನ್ನು ಕೂಡಿದರೆ ಈ ಮಗು ಎಷ್ಟು ದಿನ ಬಂದಿದೆ ಎಂದು ಸಿಗುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ದಿನಾ 27 ಮಂದಿ ಇದ್ದಾರೆ ಎನ್ನಿ. ಮೂವತ್ತೂ ಮಕ್ಕಳು ಸರದಿಯ ಮೇಲೆ ತಿಂಗಳಿಗೆ ಎರಡೆರಡು ದಿನ ತಪ್ಪಿಸುತ್ತಿರಬಹುದು. ಇಲ್ಲವೇ 27 ಮಕ್ಕಳು ಒಂದು ದಿನವೂ ಬಿಡದೆ ಬರುತ್ತಿದ್ದು, ಮೂವರು ಎಂದೋ ಶಾಲೆ ಮರೆತಿರಬಹುದು. ಕಂಬಸಾಲಿನ ಮೊತ್ತ ಎರಡಕ್ಕೂ ಒಂದೇ. ವಿಚಿತ್ರವೆಂದರೆ ಬಿಇಒ ಕಚೇರಿಗೆ, ಜಿಲ್ಲೆಗೆ, ಬೆಂಗಳೂರಿಗೆ ಮೇಲೆಮೇಲೆ ಹೋಗುವುದು ಹೆಚ್ಚಾಗಿ ಕಂಬಸಾಲಿನ ಮೊತ್ತವೇ. ಮಗು ಕಳೆದುಹೋಗುವುದು ಅಡ್ಡಸಾಲಿನಲ್ಲಿ. ಅದನ್ನು ಓದುವ ಕಣ್ಣು ಶಾಲೆಯೊಳಗಲ್ಲದೆ ಬೇರೆಡೆ ಅಪರೂಪ.

ಕಂಬಸಾಲಿನಿಂದ ಉಪಯೋಗವಿಲ್ಲ ಎಂದೇನೂ ಅಲ್ಲ, ಅನ್ನ ಬೇಯುವುದು ಅದರಿಂದಲೇ. ಮೊದಲ ಪೀರಿಯಡ್ ಮುಗಿಯುವ ಹೊತ್ತಿಗೆ ಅಡುಗೆ ಕೋಣೆಯಿಂದ ಪ್ರಶ್ನೆ ಬರುತ್ತದೆ: "ಇವತ್ತ ಎಷ್ಟ ಮಂದಿ ಅದಾರ್ರೀ ಸರ?" "ಅರವತ್ತೆರಡು ಹಾಕ್ರಿ ಅಕ್ಕಾರ." ಅಷ್ಟಕ್ಕೆ ಅಕ್ಕಿ ಅಳೆಯುತ್ತಾರೆ, ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 150. ಈ ನೂರು ಗ್ರಾಂ ಹಿಡಿದು ದೇಶದ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಹೇಳಿದಂತೆ ಈ ಬಿಸಿಯೂಟದ ವ್ಯಾಪ್ತಿಗೆ ಬರುವ ಮಕ್ಕಳು 11.8 ಕೋಟಿ. ಎಲ್ಲರೂ ಒಂದು ದಿನ ಪಂಕ್ತಿಗೆ ಕೂತರೆ ಕನಿಷ್ಠ 11,800 ಟನ್ ಧಾನ್ಯ, ಅಂದರೆ ಹತ್ತು ಟನ್ ಹೇರುವ 1,180 ಲಾರಿ. ಮಾರನೆಯ ದಿನ ಮತ್ತೆ ಅಷ್ಟೇ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2001ರ ನವೆಂಬರ್ 28ರಂದು. ಕರ್ನಾಟಕದ ಅಕ್ಷರ ದಾಸೋಹ ಮರುವರ್ಷ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಯಿತು. 2013ರ ಆಗಸ್ಟಿನಿಂದ ಅದಕ್ಕೆ 150 ಮಿಲಿಲೀಟರ್ ಹಾಲು ಸೇರಿತು. ಐವತ್ತು ಲಕ್ಷ ಮಕ್ಕಳು ಕುಡಿದರೆ ಅದು ದಿನಕ್ಕೆ ಏಳೂವರೆ ಲಕ್ಷ ಲೀಟರ್. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಎಲ್ಲರೂ ಮೊಟ್ಟೆಯನ್ನೇ ಕೇಳಿದರೆ ವಾರಕ್ಕೆ ಮೂರು ಕೋಟಿ. ಮಗುವನ್ನು ಮಧ್ಯಾಹ್ನದವರೆಗೆ ಕೂರಿಸುವ ಶಕ್ತಿ ಇದಕ್ಕಿದ್ದಷ್ಟು ಯಾವ ಪಠ್ಯಪುಸ್ತಕಕ್ಕೂ ಇಲ್ಲವೆಂದು ನನ್ನ ನಂಬಿಕೆ.

ಈ ಯಂತ್ರ ನಡೆಯುವುದು ಅಡುಗೆಯವರ ಮೇಲೆ. ಕರ್ನಾಟಕದಲ್ಲೇ ಬಿಸಿಯೂಟದ ಅಡುಗೆಯವರು ಒಂದು ಲಕ್ಷಕ್ಕೂ ಹೆಚ್ಚಿದ್ದಾರೆ, ಹೆಚ್ಚಿನವರು ಅದೇ ಊರಿನ ಹೆಂಗಸರು. ಯಾರ ಮನೆಗೆ ಬೀಗ ಬಿತ್ತು, ಯಾರ ಮಗಳಿಗೆ ಗಂಡು ನೋಡಲು ಬಂದಿದ್ದರು ಎಂಬುದು ಹೆಡ್‌ಮೇಷ್ಟ್ರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಮಕ್ಕಳನ್ನು ಉಳಿಸಿಕೊಳ್ಳಬೇಕೆನ್ನುವ ಶಾಲೆಗೆ ಇವರಿಗಿಂತ ಒಳ್ಳೆಯ ಸುದ್ದಿಮೂಲ ಇನ್ನೊಂದಿಲ್ಲ. ಇವರ ಸಂಭಾವನೆಗೆ ಕೇಂದ್ರ 2009ರಲ್ಲಿ ನಿಗದಿ ಮಾಡಿದ ಮೊತ್ತ ತಿಂಗಳಿಗೆ ₹1,000, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ಮೇಲಿನದನ್ನು ರಾಜ್ಯಗಳು ತಮ್ಮ ಕೈಯಿಂದ ಸೇರಿಸುತ್ತ ಬಂದಿವೆ. ಈ ಲೇಖನದ ಕೋಟಿ ಲಕ್ಷಗಳ ನಡುವೆ ಚಿಕ್ಕದಾಗಿ ಕಾಣುವ ಇದೇ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು.

ಅಡ್ಡಸಾಲನ್ನು ಕಾನೂನು ಕೂಡ ಒಮ್ಮೆ ಕಣ್ಣೆತ್ತಿ ನೋಡಿದ್ದುಂಟು. 2013ರಲ್ಲಿ ಕರ್ನಾಟಕ ಹೈಕೋರ್ಟು ಪತ್ರಿಕಾ ವರದಿಯೊಂದನ್ನು ಓದಿ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಅದುವರೆಗೆ ಮಗು ಸತತ 60 ದಿನ ಬಾರದಿದ್ದರೆ ಶಾಲೆ ಬಿಟ್ಟಿತೆಂಬ ಲೆಕ್ಕ. ಅದು 7 ದಿನಕ್ಕೆ ಇಳಿಯಿತು. ರಾಯಚೂರು, ಯಾದಗಿರಿ ಕಡೆಯ ಮೇಷ್ಟ್ರನ್ನು ಕೇಳಿದರೆ ಈ ವ್ಯತ್ಯಾಸ ಏನೆಂದು ಹೇಳುತ್ತಾರೆ. ದಸರೆ ರಜೆ ಕಳೆದು ಶಾಲೆ ತೆರೆದಾಗ ಹತ್ತಿ ಬಿಡಿಸುವ ಕಾಲ, ಹಿಂದೆಯೇ ಗುಳೆ ಹೋಗುವ ಕಾಲ. ಆಗ ಹೋದ ಮಗುವಿಗಾಗಿ 60 ದಿನ ಕಾದು ಕೂತರೆ ಅಷ್ಟರಲ್ಲಿ ಸಂಕ್ರಾಂತಿ ಹತ್ತಿರ ಬಂದಿರುತ್ತದೆ, ಅಪ್ಪ ಅಮ್ಮ ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿರುತ್ತಾರೆ. ಏಳನೇ ದಿನ ಮನೆಗೆ ಹೋದರೆ ಅಜ್ಜಿಯಾದರೂ ಸಿಗುತ್ತಾಳೆ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ ಎಂದು ಒಪ್ಪಿಸಲು, ಇಲ್ಲವೇ ಋತುಮಾನ ಹಾಸ್ಟೆಲಿಗೆ ಸೇರಿಸಲು ಇನ್ನೂ ಸಮಯವಿರುತ್ತದೆ. ನಿಯಮದಲ್ಲಿ ಒಂದು ಅಂಕಿ ಬದಲಾಯಿತು ಅಷ್ಟೇ, ಆದರೆ ಹಳೆಯ ಅಂಕಿ ಶಾಲಾ ವರ್ಷದ ಕಾಲು ಭಾಗಕ್ಕಿಂತ ದೊಡ್ಡದಿತ್ತು.

ಇದೇ ಅಡ್ಡಸಾಲನ್ನು ಕಂಪ್ಯೂಟರಿನಿಂದ ಓದಿಸಿದವರು ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು. ಬಡವರ, ಕಪ್ಪು ಜನರ ಮಕ್ಕಳು ಹೆಚ್ಚಾಗಿ ಓದುವ ಕಡೆ. 2003ರ ಹೊತ್ತಿಗೆ, ಅಲ್ಲಿ ಸೇರಿದ ನೂರರಲ್ಲಿ 32 ಮಂದಿ ಮಾತ್ರ ಆರು ವರ್ಷದೊಳಗೆ ಪದವಿ ಪಡೆಯುತ್ತಿದ್ದರು. ಹತ್ತು ವರ್ಷದ ದಾಖಲೆಗಳಿಂದ 25 ಲಕ್ಷ ಗ್ರೇಡುಗಳನ್ನು ಜಾಲಾಡಿ, ಮುಂದೆ ಓದು ಬಿಡುವವರಲ್ಲಿ ಮೊದಲೇ ಕಾಣುವ 800 ಸುಳಿವುಗಳನ್ನು ಅವರು ಹೆಕ್ಕಿದರು. 2012ರಿಂದ ಪ್ರತಿ ವಿದ್ಯಾರ್ಥಿಯ ಸಾಲನ್ನೂ ದಿನವೂ ಆ ಸುಳಿವುಗಳ ಜರಡಿಯಲ್ಲಿ ಹಾಯಿಸಿ, ಏನಾದರೂ ಸಿಕ್ಕಿದರೆ ಸಲಹೆಗಾರರು ಆ ಹುಡುಗನನ್ನೋ ಹುಡುಗಿಯನ್ನೋ ಕರೆದು ಮಾತಾಡಿಸತೊಡಗಿದರು. ಹಾಗೆ ನೋಡುವಾಗ ಇನ್ನೊಂದು ಕಣ್ಣಿಗೆ ಬಿತ್ತು: ಪ್ರತಿ ಸೆಮಿಸ್ಟರಿನಲ್ಲೂ ಸಾವಿರಕ್ಕೂ ಹೆಚ್ಚು ಮಂದಿ ಫೀಸು ಬಾಕಿಗೆ ಹೊರಬೀಳುತ್ತಿದ್ದರು, ಹಲವರ ಬಾಕಿ ತೀರಾ ಸಣ್ಣದು. ಅದನ್ನು ತುಂಬಲು ಕೊಟ್ಟ ನೆರವು ಸರಾಸರಿ 900 ಡಾಲರ್. ಇಂಥ ಹತ್ತಾರು ಉಪಾಯಗಳು ಕೂಡಿ 32 ಇದ್ದದ್ದು 54ಕ್ಕೆ ಏರಿತು. ಕಂಪ್ಯೂಟರನ್ನೇ ಹೊಗಳುವವರು ಒಂದನ್ನು ಮರೆಯುತ್ತಾರೆ, ಸುಳಿವು ಸಿಕ್ಕಮೇಲೆ ಕರೆದು ಕೂರಿಸಿ ಮಾತಾಡಲು ಅಲ್ಲಿ ಹೊಸದಾಗಿ ಸಲಹೆಗಾರರನ್ನೂ ನೇಮಿಸಿಕೊಂಡಿದ್ದರು.

ಮೇಷ್ಟ್ರ ಗೈರುಹಾಜರಿ ಮಾತ್ರ ಮಕ್ಕಳ ಪುಸ್ತಕದ ಯಾವ ಸಾಲಿನಲ್ಲೂ ದಾಖಲಾಗುವುದಿಲ್ಲ. 2003ರಲ್ಲಿ ದೇಶದ 20 ರಾಜ್ಯಗಳ ಸುಮಾರು 3,700 ಶಾಲೆಗಳಿಗೆ ಸಂಶೋಧಕರು ಹೇಳದೆ ಕೇಳದೆ ಹೋದಾಗ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಾಲ್ವರಲ್ಲಿ ಒಬ್ಬ ಶಿಕ್ಷಕ ಇರಲಿಲ್ಲ. ಮಹಾರಾಷ್ಟ್ರದಲ್ಲಿ ನೂರಕ್ಕೆ 15, ಜಾರ್ಖಂಡಿನಲ್ಲಿ 42. ರಾಜಸ್ಥಾನದ ಉದಯಪುರದ ಸುತ್ತಲ ಅನೌಪಚಾರಿಕ ಶಾಲೆಗಳಲ್ಲಿ, ದಿನದ ಮೊದಲಿಗೂ ಕೊನೆಗೂ ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡರೆ ಅದರ ಮೇಲೆ ಸಂಬಳ ಎಂದಾಗ ಗೈರು 42ರಿಂದ 21ಕ್ಕೆ ಇಳಿಯಿತು. ಕ್ಯಾಮೆರಾ ಹಿಡಿದು ಕಾಯುವುದು ನನಗೆ ಇಷ್ಟವಿಲ್ಲ, ಆದರೆ ಅಂಕಿಯನ್ನು ಅಲ್ಲಗಳೆಯುವುದೂ ಕಷ್ಟ. ಇನ್ನೊಂದು ಮಗ್ಗುಲೂ ಇದೆ. 2024-25ರಲ್ಲಿ ದೇಶದ ಶಿಕ್ಷಕರ ಸಂಖ್ಯೆ ಮೊದಲ ಬಾರಿಗೆ ಒಂದು ಕೋಟಿ ದಾಟಿತು. ಅದೇ ವರ್ಷ ಏಕೋಪಾಧ್ಯಾಯ ಶಾಲೆಗಳು 1,04,125 ಇದ್ದವು, ಅವುಗಳಲ್ಲಿ 33 ಲಕ್ಷಕ್ಕೂ ಹೆಚ್ಚು ಮಕ್ಕಳು. ಅಲ್ಲಿನ ಒಬ್ಬ ಮೇಷ್ಟ್ರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದರೆ ಸರಾಸರಿ 30ಕ್ಕೂ ಹೆಚ್ಚು ಸಾಲುಗಳು ಒಟ್ಟಿಗೇ ಖಾಲಿ.

ಸಾಲು ಖಾಲಿಯಾಗಲು ಶಾಲೆಯ ದೂರವೂ ಒಂದು ಕಾರಣ. ಬಿಹಾರ ಹೆಣ್ಣುಮಕ್ಕಳಿಗೆ 2006ರಲ್ಲಿ ಸೈಕಲ್ಲಿಗೆಂದು ತಲಾ ₹2,000 ಕೊಟ್ಟಾಗ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಹೆಚ್ಚಿತು, ಹುಡುಗ ಹುಡುಗಿಯರ ನಡುವಣ ಅಂತರ ಶೇಕಡ 40ರಷ್ಟು ಕುಗ್ಗಿತು. ಆ ಹೊತ್ತಿಗೇ ಕರ್ನಾಟಕದಲ್ಲೂ ಎಂಟನೇ ತರಗತಿಗೆ ಸೈಕಲ್ ಬಂತು. ಎಂಟನೇ ತರಗತಿಗೇ ಯಾಕೆ ಎಂದರೆ, ನಮ್ಮ ಹಳ್ಳಿಗಳಲ್ಲಿ ಊರ ಶಾಲೆ ಬಹಳ ಕಡೆ ಏಳಕ್ಕೆ ಮುಗಿಯುತ್ತದೆ, ಹೈಸ್ಕೂಲು ಪಕ್ಕದ ಊರಿನಲ್ಲಿ.

ಆ ಎರಡು ಊರುಗಳ ನಡುವೆ ಒಂದು ಕಾಗದ ಓಡಾಡುತ್ತದೆ, ಟಿಸಿ. ಏಪ್ರಿಲಿನಲ್ಲಿ ಪ್ರಾಥಮಿಕ ಶಾಲೆಯವರು ಮಗುವಿನ ಹೆಸರನ್ನು ತಮ್ಮ ಪುಸ್ತಕದಿಂದ ತೆಗೆಯುತ್ತಾರೆ. ಹೈಸ್ಕೂಲಿನವರು ಬಂದು ಸೇರಿದವರ ಹೆಸರನ್ನು ಮಾತ್ರ ಜೂನ್‌ನಲ್ಲಿ ಬರೆದುಕೊಳ್ಳುತ್ತಾರೆ. ಬಾರದವಳು ಅಲ್ಲಿಯ ಸಾಲಿನಲ್ಲೂ ಇಲ್ಲ, ಇಲ್ಲಿಯ ಸಾಲಿನಲ್ಲೂ ಇಲ್ಲ. ಗೈರು ಎಂದು ಕೆಂಪು ಗುರುತು ಹಾಕಲಿಕ್ಕೂ ಜಾಗವಿಲ್ಲ. ಈಗ ಪ್ರತಿ ಮಗುವಿನ ಜಾಡು ಹಿಡಿಯಲು ಸ್ಯಾಟ್ಸ್ ಎಂಬ ಸಂಖ್ಯೆ ಇರುವುದರಿಂದ ಹುಡುಕುವುದು ಸುಲಭವಾಗಿದೆ, ಹುಡುಕುವವರಿದ್ದರೆ. ಏಳನೇ ತರಗತಿಯ ಮೇಷ್ಟ್ರು ಜೂನ್ ಎರಡನೇ ವಾರ ಹೈಸ್ಕೂಲಿನ ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿ, ತಾನು ಟಿಸಿ ಕೊಟ್ಟ ಹದಿನೆಂಟೋ ಇಪ್ಪತ್ತೋ ಹೆಸರುಗಳನ್ನು ಓದಿ ಹೇಳಿ, ಬಾರದವರ ಮನೆ ಯಾವ ಓಣಿಯಲ್ಲಿದೆ ಎಂದು ತಿಳಿಸಬಹುದು. ಆ ಮನೆಗಳಿಗೆ ಜುಲೈಗೆ ಮೊದಲೇ ಇಬ್ಬರೂ ಕೂಡಿ ಹೋಗಿಬರಬಹುದು.