ಕಾಲೇಜಿನ ಮೊದಲನೆಯ ವರ್ಷ: ಹೊಸ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ

ನಾವು ಗಿರಣಿಯ ವಾರದ ರಜೆಯ ದಿವಸ ಮಾತ್ರ ಬೆಳಗಿನ ಹೊತ್ತು ವಾಚನಾಲಯದ ಬಾಗಿಲು ತೆರೆಯಲು ಬರುವವರು. ಆ ಹೊತ್ತಿಗೆ ಇಲ್ಲಿ ಕಾಣುವವರು ನಿವೃತ್ತರು, ಇಲ್ಲವೆ ರಾತ್ರಿ ಪಾಳಿ ಮುಗಿಸಿ ಬಂದವರು. ಹೋದ ವರ್ಷ ಮೂರು ವಾರ ಸಾಲಾಗಿ ಹದಿನೆಂಟರ ಒಬ್ಬ ಹುಡುಗನೂ ಮೂಲೆಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದನು. “ಏನಪ್ಪಾ, ಕಾಲೇಜಿಲ್ಲವೇ?” ಎಂದರೆ “ಸೂಟಿ ಅದರೀ ಅಣ್ಣಾರ” ಎನ್ನುವನು. ನಾಲ್ಕನೆಯ ವಾರ ಬುತ್ತಿಯ ಡಬ್ಬಿಯನ್ನು ಇಲ್ಲಿಯೇ ಬಿಚ್ಚಿ ಉಣ್ಣತೊಡಗಿದಾಗ ನಮಗೆ ಸಂಗತಿ ತಿಳಿಯಿತು. ಮನೆಯಿಂದ ಕಾಲೇಜಿಗೆಂದು ಹೊರಟು ಇಲ್ಲಿಗೆ ಬರುತ್ತಿದ್ದಾನೆ!

ತಂದೆ ಬೀದರದ ಕಡೆಯವರು. ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಹುಡುಗ ಊರಲ್ಲಿ ಅಜ್ಜಿಯ ಬಳಿ ಇದ್ದು ಕನ್ನಡ ಮಾಧ್ಯಮದಲ್ಲಿ ಪಿ.ಯು.ಸಿ. ಮುಗಿಸಿ ಇಲ್ಲಿ ಬಿ.ಎ.ಗೆ ಸೇರಿದ್ದನು. ಪಾಠವೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಹಾಸ್ಯ ತೆಲುಗಿನಲ್ಲಿ. ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದೆನೆಂದು ಹೇಳಿದನು. ಮೊದಲ ಆಂತರಿಕ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಮೂರು ಅಂಕ ಬಂದಿತು. ಅಂದಿನಿಂದ ಹೋಗುವುದನ್ನೇ ಬಿಟ್ಟನು. ಶುಲ್ಕಕ್ಕಾಗಿ ತಂದೆ ಬೋನಸ್ಸಿನ ಹಣವನ್ನೆಲ್ಲ ಕಟ್ಟಿದ್ದರಿಂದ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

ನಾವು ಮೆಟ್ರಿಕ್ ದಾಟಿದವರಲ್ಲ. ವಿಶ್ವವಿದ್ಯಾನಿಲಯದ ಒಳಗನ್ನು ಕಂಡವರಲ್ಲ. ಆದರೂ ಅವನೊಡನೆ ಕುಳಿತು, ಓದಿದವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಹುಡುಗ ಅವನೊಬ್ಬನೇ ಇರಲಾರನು.

ಮೊದಲು ಭಾಷೆಯ ಮಾತು. ಈ ತೊಡಕು ಈ ಪಟ್ಟಣದಲ್ಲಿ ನಮ್ಮವರಿಗೆ ಹೊಸದಲ್ಲ. ಉಸ್ಮಾನಿಯಾ ವಿಶ್ವವಿದ್ಯಾನಿಲಯವು 1918ರಲ್ಲಿ ಸ್ಥಾಪಿತವಾದಾಗ ಅದರ ಬೋಧನಾ ಭಾಷೆ ಉರ್ದು. ಭಾರತೀಯ ಭಾಷೆಯೊಂದನ್ನು ಉನ್ನತ ವಿದ್ಯೆಗೆ ಮಾಧ್ಯಮವಾಗಿಸಿದ ಕೀರ್ತಿ ಅದಕ್ಕಿದೆ. ಪಠ್ಯಗಳನ್ನು ಉರ್ದುವಿಗೆ ತರಲೆಂದೇ ಅನುವಾದ ಇಲಾಖೆಯೊಂದಿತ್ತು. ಆದರೆ ಬೀದರ, ಗುಲಬರ್ಗಾ, ರಾಯಚೂರುಗಳಿಂದ ಬಂದ ಕನ್ನಡದ ಹುಡುಗನಿಗೆ ಅದೂ ಮನೆಯ ಮಾತಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಉರ್ದುವಿನ ಸ್ಥಾನಕ್ಕೆ ಇಂಗ್ಲಿಷ್ ಬಂದಿತು. 1956ರಲ್ಲಿ ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಗುಲಬರ್ಗಾದಲ್ಲಿಯೇ ವಿಶ್ವವಿದ್ಯಾನಿಲಯವಾದದ್ದು 1980ರಲ್ಲಿ. ಅಂದರೆ ಮನೆಯಲ್ಲೊಂದು, ಬೀದಿಯಲ್ಲೊಂದು, ತರಗತಿಯಲ್ಲಿ ಇನ್ನೊಂದು ಭಾಷೆ ಎಂಬ ಪಾಡನ್ನು ಎಷ್ಟೋ ಮಂದಿ ಅಜ್ಜಂದಿರು ಪಟ್ಟಿದ್ದಾರೆ. ಇದನ್ನು ಕೇಳಿದಾಗ ಹುಡುಗ ಮೊದಲ ಬಾರಿಗೆ ತಲೆಯೆತ್ತಿದನು. ತಾನೊಬ್ಬನೇ ದಡ್ಡನೆಂದು ತಿಳಿದಿದ್ದನಂತೆ.

ಎರಡನೆಯದು ಪಾಠದ ಬಗೆ. ಶಾಲೆಯಲ್ಲಿಯೂ ಪಿ.ಯು.ಸಿ.ಯಲ್ಲಿಯೂ ಮೇಷ್ಟ್ರು ಟಿಪ್ಪಣಿ ಬರೆಸುವರು, ನಾವು ಬಾಯಿಪಾಠ ಮಾಡುವೆವು. ಇಲ್ಲಿ ಅಧ್ಯಾಪಕರು ಮಾತನಾಡಿ ಹೋಗುವರು. ಉಳಿದದ್ದನ್ನು ಗ್ರಂಥಾಲಯದಲ್ಲಿ ನಾವೇ ಹುಡುಕಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದೇ ದೊಡ್ಡ ತೊಂದರೆ. ಒಂದು ಉಪಾಯವುಂಟು. ತರಗತಿಯಲ್ಲಿ ಎಲ್ಲವನ್ನೂ ಬರೆಯಹೋಗದೆ, ಅಧ್ಯಾಪಕರು ಎರಡು ಮೂರು ಸಲ ಹೇಳಿದ ಶಬ್ದಗಳನ್ನಷ್ಟೆ ಕಿವಿಗೆ ಬಿದ್ದಂತೆ ಕನ್ನಡ ಲಿಪಿಯಲ್ಲಾದರೂ ಗುರುತು ಹಾಕಿಕೊಳ್ಳತಕ್ಕದ್ದು. ಅದೇ ಸಂಜೆ ನಿಘಂಟು ನೋಡಿ, ಪುಸ್ತಕದಲ್ಲಿ ಆ ಭಾಗ ಓದಿ, ಅರ್ಥವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು. ಅದೇ ಸಂಜೆ ಎಂದು ಹೇಳುವುದಕ್ಕೆ ಕಾರಣವಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಕಲಿತು, ಎಷ್ಟು ಬೇಗ ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಮರೆವಿನ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆಗಳಲ್ಲಿಯೇ ಆಗಿಹೋಗುತ್ತದೆ, ಆಮೇಲೆ ನಿಧಾನ. ಅರ್ಥ ತಿಳಿಯದ ಇಂಗ್ಲಿಷ್ ಪಾಠವು ಅಂಥ ಅಕ್ಷರಗುಂಪಿಗಿಂತ ಎಷ್ಟು ಮೇಲು? ಭಾನುವಾರಕ್ಕೆಂದು ಇಟ್ಟುಕೊಂಡರೆ ಭಾನುವಾರಕ್ಕೆ ಏನೂ ಉಳಿದಿರದು.

ಇನ್ನು ಹಾಜರಿ. ಮಸ್ಟರ್ ರೋಲ್ ಬರೆದು ಹೊಟ್ಟೆ ಹೊರೆಯುವ ನಮಗೆ ಇದೊಂದು ವಿಷಯ ಚೆನ್ನಾಗಿ ತಿಳಿದದ್ದು. ಸೆಮಿಸ್ಟರೊಂದಕ್ಕೆ ಸುಮಾರು 90 ಬೋಧನಾ ದಿನ. ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ನೂರಕ್ಕೆ 75ರ ಹಾಜರಿ ಬೇಕು. ಅಂದರೆ 68 ದಿನ. ಹುಡುಗನ ಲೆಕ್ಕ ತೆಗೆದೆವು: ಕಳೆದದ್ದು 30 ದಿನ, ಹೋದದ್ದು 12. ಉಳಿದ 60ಕ್ಕೆ 60 ಹೋದರೆ 72. ಅಂದರೆ ಅವನ ಕೈಯಲ್ಲಿ ಇನ್ನು ನಾಲ್ಕೇ ದಿನ ಇದ್ದವು! ಇನ್ನೊಂದು ವಾರ ಇಲ್ಲಿ ಪತ್ರಿಕೆ ಓದಿದ್ದರೆ ಪರೀಕ್ಷೆಯ ಬಾಗಿಲೇ ಮುಚ್ಚುತ್ತಿತ್ತು. ಕಾಗದದ ಮೇಲೆ ಇದನ್ನು ನೋಡಿದವನೇ ಮರುದಿನ ಹೋದನು. ಬೈದಿದ್ದರೆ ಹೋಗುತ್ತಿದ್ದನೋ ಇಲ್ಲವೋ.

ಒಂದು ಪತ್ರಿಕೆಯಲ್ಲಿ ತಪ್ಪಿದರೆ ವರ್ಷವೇ ಹೋಯಿತೆಂದು ಹಿರಿಯರು ತಿಳಿಯುವುದುಂಟು. ಈಗಿನ ಪದ್ಧತಿಯಲ್ಲಿ ಹಾಗಿಲ್ಲ. ತಪ್ಪಿದ ಪತ್ರಿಕೆಯನ್ನು ಮತ್ತೆ ಬರೆಯಬಹುದು. ಆಂತರಿಕ ಪರೀಕ್ಷೆಯ ಮೂರು ಅಂಕವಂತೂ ಯಾವ ಲೆಕ್ಕಕ್ಕೂ ದೊಡ್ಡದಲ್ಲ. ರ‍್ಯಾಗಿಂಗಿನ ಕಾಟವಿದ್ದರೆ ಮಾತ್ರ ಸಹಿಸತಕ್ಕದ್ದಲ್ಲ. ಅದನ್ನು ತಡೆಯಲು 2009ರ ಯು.ಜಿ.ಸಿ. ನಿಯಮಗಳಿವೆ, 1800-180-5522ಕ್ಕೆ ದೂರು ಹೇಳಬಹುದು.

ಪ್ರಯಾಣದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಉಸ್ಮಾನಿಯಾದ ಕಡೆಗೆ ಹೋಗುವವರು ಬಾಲಾನಗರದಲ್ಲಿ ಮೆಟ್ರೋ ಹತ್ತಿ, ಅಮೀರಪೇಟೆಯಲ್ಲಿ ಮಾರ್ಗ ಬದಲಿಸಿ, ತಾರ್ನಾಕದಲ್ಲಿ ಇಳಿದರಾಯಿತು. ನಿಂತುಕೊಂಡೇ ಹೋದರೂ ಶಬ್ದಗಳ ಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಬಹುದು.

ತಂದೆತಾಯಿಗಳಲ್ಲಿ ಒಂದು ವಿನಂತಿ. “ಎಷ್ಟು ಅಂಕ ಬಂತು?” ಎಂಬುದಕ್ಕೆ ಮುಂಚೆ “ಇವತ್ತು ಏನು ಹೇಳಿದರು, ನಮಗೂ ಹೇಳು” ಎಂದು ಕೇಳಿರಿ. ಆ ಹುಡುಗನ ತಂದೆಗೆ ಕೊನೆಗೆ ಅವನೇ ಎಲ್ಲವನ್ನೂ ಹೇಳಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾ ಲೇತ್ ಕಲಿಯುವಾಗ ಮೊದಲ ತಿಂಗಳು ಎಷ್ಟು ಕಬ್ಬಿಣ ಕೆಡಿಸೀನಿ ಗೊತ್ತದ ಏನು?” ಎಂದರಂತೆ.

ಮೊದಲ ಸೆಮಿಸ್ಟರಿನಲ್ಲಿ ಅವನು ಒಂದು ಪತ್ರಿಕೆಯಲ್ಲಿ ತಪ್ಪಿದನು, ಉಳಿದವು ಪಾಸಾದವು. ತಪ್ಪಿದ್ದನ್ನು ಮತ್ತೆ ಬರೆದಿದ್ದಾನೆ. ಈಗಲೂ ಬರುತ್ತಾನೆ, ಆದರೆ ಸಂಜೆ ಆರರ ಮೇಲೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು ಹಿಂದಿನ ಮೇಜಿನ ಮೇಲೆ ಇರಿಸಿದ್ದೇವೆ, ಮನೆಗೆ ಕೊಡುವುದಿಲ್ಲ. ಗುರುತು ಹಾಕುವವರು ದಯವಿಟ್ಟು ಸೀಸದ ಕಡ್ಡಿಯಿಂದ ಹಾಕಬೇಕು, ಅದೂ ತಮ್ಮ ನೋಟುಪುಸ್ತಕದಲ್ಲಿ.